ಕಿಟಕಿಯಲ್ಲಿಟ್ಟ ಸಕ್ಕರೆ ನೀರು

ಟಕ್ ಎಂದು ಸದ್ದು ಬಂದರೆ ಪಾಕ ಆಯಿತು ಎಂದರ್ಥ. ಒಣಕಡ್ಡಿ ಮುರಿದಂತೆ, ಆದರೆ ಅದಕ್ಕಿಂತ ತೆಳುವಾದ ಸದ್ದು. ಕುದಿಯುವ ಕಡಾಯಿಯಿಂದ ಕೋಲಿನ ತುದಿಯಲ್ಲಿ ಒಂದು ಹನಿ ಪಾಕ ತೆಗೆಯಬೇಕು, ತಣ್ಣೀರಿನ ಬಟ್ಟಲಿಗೆ ಬಿಡಬೇಕು, ಗಟ್ಟಿಯಾದದ್ದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿಯಬೇಕು. ಇದು ಸಪ್ಪೆಕ್ಕನ ಕೆಲಸ. ಟಕ್ ಎಂದೊಡನೆ ಅವಳು ಕೈ ಎತ್ತುತ್ತಾಳೆ. ಒಲೆಯವರು ಉರಿ ತಗ್ಗಿಸುತ್ತಾರೆ. ಇಬ್ಬರು ಗಂಡಸರು ಕಡಾಯಿಯನ್ನು ಕಬ್ಬಿಣದ ಮೇಜಿನ ಮೇಲೆ ಬಗ್ಗಿಸುತ್ತಾರೆ, ಜೇನುಬಣ್ಣದ ಸಕ್ಕರೆ ಮೆಲ್ಲಗೆ ಹರಡಿಕೊಳ್ಳುತ್ತದೆ.

ಮೊದಲು ಆ ಮಿಠಾಯಿ ಕಾರ್ಖಾನೆಯಲ್ಲಿ ಇದನ್ನು ಹಲ್ಲಿನಿಂದ ಮಾಡುತ್ತಿದ್ದರು. ಹಳೆಯ ಮೇಸ್ತ್ರಿ ಚೂರನ್ನು ದವಡೆಯಲ್ಲಿಟ್ಟು ಕಡಿಯುತ್ತಿದ್ದ. ಹಲ್ಲಿಗೆ ಅಂಟಿಕೊಂಡರೆ ಇನ್ನೂ ಕುದಿಯಬೇಕು, ಪುಡಿಯಾದರೆ ಇಳಿಸಬೇಕು. ಹಾಗೆ ಕಡಿದು ಕಡಿದು ಅವನ ಬಾಯಿ ಬರಿದಾಯಿತು. ಕೊನೆಯ ದವಡೆ ಹಲ್ಲು ಬಿದ್ದ ದಿನ ಅಚ್ಚಿನ ವಿಭಾಗದಲ್ಲಿದ್ದ ಇವಳನ್ನು ಕರೆದ.

"ನಿನ್ನ ಬಾಯಲ್ಲಿ ಹಲ್ಲಿದೆ. ಇನ್ನು ನೀನೇ ಕಡಿ."

"ಬಾಯಿಗೆ ಹಾಕ್ಕೊಳ್ಳಲ್ಲ ಮೇಸ್ತ್ರಿ. ಕೇಳಿ ಹೇಳ್ತೀನಿ."

"ಕೇಳೋದಾ? ಯಾರನ್ನ?"

ಅವಳು ಚೂರನ್ನು ಕಿವಿಯ ಹತ್ತಿರ ಹಿಡಿದು ಮುರಿದು ತೋರಿಸಿದಳು. ಮೇಸ್ತ್ರಿ ಬೊಚ್ಚುಬಾಯಿ ಬಿಟ್ಟುಕೊಂಡು ನೋಡಿದ. ಅಂದಿನಿಂದ ಆ ಕೆಲಸ ಅವಳದಾಯಿತು.

ಸಪ್ಪೆಕ್ಕ ಎಂಬ ಹೆಸರು ಬಂದದ್ದು ಅದಕ್ಕೂ ಮುಂಚೆ. ಹೊಸದಾಗಿ ಕೆಲಸಕ್ಕೆ ಬಂದವರು ಮೊದಲ ವಾರ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾರೆ, ಎರಡನೆಯ ವಾರ ಮುಖ ತಿರುಗಿಸುತ್ತಾರೆ, ಆಮೇಲೆ ಮನೆಯ ಮಕ್ಕಳಿಗೆಂದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ. ಇವಳು ಮೊದಲ ದಿನವೇ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದವಳು ಇಂದಿನವರೆಗೂ ಬಿಚ್ಚಿಲ್ಲ. ಚಹಾಕ್ಕೂ ಸಕ್ಕರೆ ಬೇಡ, ಹಣ್ಣೂ ಬೇಡ. ಊಟದ ಡಬ್ಬಿಯಲ್ಲಿ ಉಪ್ಪು ಹಾಕಿದ ಅನ್ನ, ಮೊಟ್ಟೆ, ಸೊಪ್ಪು. ಯಜಮಾನರು ಖುಷಿಯಾಗಿ, "ಇಲ್ಲಿ ಇರುವೆಯನ್ನೂ ನಂಬೋಕಾಗಲ್ಲ, ನಿನ್ನೊಬ್ಬಳನ್ನ ನಂಬಬಹುದು" ಎನ್ನುತ್ತಿದ್ದರು. ಐವತ್ತು ದಾಟಿದರೂ ಅವಳ ಬಾಯಲ್ಲಿ ಒಂದು ಹಲ್ಲೂ ಹುಳುಕಿಲ್ಲ. ಪ್ಯಾಕಿಂಗಿನಲ್ಲಿ ಒಬ್ಬಳಿದ್ದಾಳೆ, ಬಾಯಿ ಮುಚ್ಚಿ ಗೊತ್ತಿಲ್ಲದವಳು, ಎಲ್ಲರೂ ಅವಳನ್ನು ರೇಡಿಯೋ ಎಂದೇ ಕರೆಯುತ್ತಾರೆ. ಸಪ್ಪೆಕ್ಕ ಅಪರೂಪಕ್ಕೆ ನಕ್ಕರೆ ಅವಳು, "ಅಯ್ಯೋ, ಬಟ್ಟೆ ಕಟ್ಕೊಳ್ಳಕ್ಕ, ಕಣ್ಣು ಕುಕ್ಕುತ್ತೆ!" ಎಂದು ಕೂಗುತ್ತಾಳೆ.

ಯಾಕೆ ತಿನ್ನುವುದಿಲ್ಲ ಎಂದು ಕೇಳಿದರೆ ಸಪ್ಪೆಕ್ಕ ಹೇಳುವುದು ಒಂದೇ ಮಾತು: "ಆಗಿ ಬರಲ್ಲ." ಅದಕ್ಕಿಂತ ಹೆಚ್ಚಿಗೆ ಅವಳಿಗೂ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಯಾರದೋ ಮನೆಯಲ್ಲಿ ಬಲವಂತಕ್ಕೆ ಏನೋ ಸಿಹಿ ತಿಂದು, ಮೈಯೆಲ್ಲ ಬೆವೆತು, ಕೈಕಾಲು ನಡುಗಿ, ಅಂಗಳದಲ್ಲೇ ಬಿದ್ದುಬಿಟ್ಟಿದ್ದಳು. ಆಮೇಲೆ ಸಿಹಿಯ ವಾಸನೆ ಬಂದರೆ ಸಾಕು, ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹೊಟ್ಟೆಪಾಡಿಗೆ ಸಿಕ್ಕಿದ ಕೆಲಸ ಮಾತ್ರ ಸಕ್ಕರೆಯದ್ದೇ. ಇಷ್ಟು ವರ್ಷ ಅವಳು ಅದರ ಪಕ್ಕದಲ್ಲಿ ನಿಂತಳು, ಒಂದು ದಿನವೂ ಅದಕ್ಕೆ ಬೆನ್ನು ಕೊಡದೆ.

ಅವಳು ಯಾರಿಗೂ ಹೇಳದ ಇನ್ನೊಂದು ಸದ್ದಿದೆ. ಗಾಜಿನ ಲೋಟದಲ್ಲಿ ಚಮಚ ತಿರುಗುವ ಸದ್ದು. ಕಡಾಯಿಗಳು ಕೊತಕೊತ ಎನ್ನುವಾಗ, ಬೆಲ್ಟುಗಳು ಓಡುವಾಗ, ಅವುಗಳ ಕೆಳಗಿನಿಂದ ಅದು ಕೇಳಿಸುತ್ತದೆ: ಕಿಣಿ, ಕಿಣಿ, ಕಿಣಿ. ತಿರುಗಿ ನೋಡಿದರೆ ಲೋಟವೂ ಇಲ್ಲ, ಚಮಚವೂ ಇಲ್ಲ.

ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಒಂದು ಹಳೆಯ ಕಟ್ಟಡದ ಮಹಡಿಯಲ್ಲಿದೆ. ಎರಡು ಕೋಣೆ, ಅಡುಗೆಮನೆ, ಓಣಿಯ ಕಡೆಗೆ ತೆರೆಯುವ ಒಂದು ಕಿಟಕಿ. ಅವಳು ಹುಟ್ಟಿದ್ದೂ ಅಲ್ಲೇ, ಗಂಡ ತೀರಿಕೊಂಡ ಮೇಲೆ ಮಗನನ್ನು ಕಟ್ಟಿಕೊಂಡು ಮರಳಿ ಬಂದದ್ದೂ ಅಲ್ಲಿಗೇ. ಈಗ ಮನೆಯಲ್ಲಿ ಮುಪ್ಪಿನ ಅಮ್ಮ, ಸರಕಿನ ವ್ಯಾನು ಓಡಿಸುವ ಮಗ, ಸೊಸೆ, ಇನ್ನೂ ಹಲ್ಲು ಮೂಡದ ಮೊಮ್ಮಗಳು. ಈ ಸೊಸೆ ಸಪ್ಪೆಕ್ಕನ ಅಮ್ಮನ ತವರಿನ ಕಡೆಯ ದೂರದ ನೆಂಟರ ಹುಡುಗಿ.

ಆ ಕಿಟಕಿಯ ಕಟ್ಟೆಯ ಮೇಲೆ ಪ್ರತಿ ಸಂಜೆ ಅಮ್ಮ ಒಂದು ಪುಟ್ಟ ಲೋಟ ಇಡುತ್ತಾಳೆ. ನೀರಿಗೆ ಸಕ್ಕರೆ ಹಾಕಿ, ಕರಗುವವರೆಗೆ ಕದಡಿ, ಓಣಿಯ ಕಡೆ ನೋಡುತ್ತ ಇಡುತ್ತಾಳೆ. ಬೆಳಿಗ್ಗೆ ಅದರೊಳಗೆ ಇರುವೆಗಳು ತೇಲುತ್ತಿರುತ್ತವೆ. ಸಪ್ಪೆಕ್ಕ ಕೆಲಸಕ್ಕೆ ಹೊರಡುವ ಮುನ್ನ ಅದನ್ನು ಚೆಲ್ಲಿ ತೊಳೆದು ಬೋರಲು ಹಾಕುತ್ತಾಳೆ. ಲೋಟ ಅವಳ ಸತ್ತ ತಮ್ಮನದು. ಅಮ್ಮ ಇಡುವುದು, ಮಗಳು ತೊಳೆಯುವುದು. ಇದರ ಬಗ್ಗೆ ಆ ಮನೆಯಲ್ಲಿ ಯಾರೂ ಎಂದೂ ಮಾತಾಡಿದವರಲ್ಲ.

ತಮ್ಮನ ಮುಖ ಅವಳಿಗೆ ನೆನಪಿಲ್ಲ. ನೆನಪಿರುವುದು ಅವನ ಬಾಯಿ ಮಾತ್ರ. ಬಿಗಿಯಾಗಿ ಮುಚ್ಚಿದ, ಒಳಕ್ಕೆ ಎಳೆದುಕೊಂಡ ಎರಡು ಸಣ್ಣ ತುಟಿ. ಎದೆಹಾಲು ಕುಡಿಯುವಷ್ಟು ದಿನ ಅವನು ಗುಂಡುಗುಂಡಾಗಿದ್ದ. ಬಾಯಿಗೆ ಅನ್ನ, ಹಣ್ಣು ಬೀಳತೊಡಗಿದ ಮೇಲೆ ವಾಂತಿ ಶುರುವಾಯಿತು. ಹೊಟ್ಟೆ ಊದಿತು, ಕಣ್ಣು ಹಳದಿಯಾಯಿತು. ತಿಂದದ್ದು ನಿಲ್ಲುವುದಿಲ್ಲ, ಸೊರಗುತ್ತಾನೆ ಎಂದು ಅಮ್ಮ ಸಕ್ಕರೆ ನೀರು ಕುಡಿಸಿದಳು. ಕುಡಿದ ಮೇಲೆ ಇನ್ನೂ ಸೋತುಹೋಗುತ್ತಿದ್ದ. ಸೋತನಲ್ಲ ಎಂದು ಇನ್ನೊಂದು ಚಮಚ.

ನೋಡಲು ಬಂದ ಪಕ್ಕದ ಮನೆಯ ಮುದುಕಿ ಮಗುವನ್ನು ಬಿಟ್ಟು ಮೂಲೆಯಲ್ಲಿ ನಿಂತಿದ್ದ ಅಕ್ಕನನ್ನೇ ನೋಡಿದಳು. "ಇವಳಿಗೂ ಹಿಂಗೇ ಆಗ್ತಿತ್ತಲ್ಲ? ದೊಡ್ಡವಳ ರೋಗ ಚಿಕ್ಕವನಿಗೆ ಹತ್ತಿದೆ ನೋಡು. ಒಟ್ಟಿಗೆ ಮಲಗಿಸಬೇಡ."

ಅಮ್ಮ ಏನೂ ಅನ್ನಲಿಲ್ಲ. ಆ ರಾತ್ರಿಯಿಂದ ಹುಡುಗಿಯ ಚಾಪೆ ಮುಂದಿನ ಕೋಣೆಗೆ ಬಂತು. ಗೋಡೆಯ ಆಚೆಯಿಂದ ಅವಳಿಗೆ ಚಮಚದ ಸದ್ದು ಕೇಳುತ್ತಿತ್ತು. ಕಿಣಿ, ಕಿಣಿ. ಒಂದು ಬೆಳಗು ಅದು ಕೇಳಲಿಲ್ಲ.

ಆಮೇಲೆ ಆ ಹುಡುಗಿ ಯಾವ ಮಗುವಿನ ಹತ್ತಿರವೂ ಹೋಗಲಿಲ್ಲ. ಮದುವೆಯಾಗಿ ತನಗೇ ಮಗ ಹುಟ್ಟಿದಾಗ ಅವನ ಉಸಿರು ತನ್ನ ಮುಖಕ್ಕೆ ತಾಗದಂತೆ ತಿರುಗಿ ಮಲಗುತ್ತಿದ್ದಳು. ಆ ಮಗನೋ ಸಕ್ಕರೆ ಡಬ್ಬಿಗೆ ಕೈಹಾಕಿ ಮುಕ್ಕುವ ಭೂಪ. ಅವನಿಗೆ ಏನೂ ಆಗಲಿಲ್ಲ. ರೋಗ ತನ್ನನ್ನು ಬಿಟ್ಟು ಹೋಯಿತು ಎಂದುಕೊಂಡಳು. ಆದರೆ ಮೊಮ್ಮಗಳು ಹುಟ್ಟಿದಾಗ ಕೈ ಮತ್ತೆ ಹಿಂದೆ ಸರಿಯಿತು. ಸೊಸೆ ಕೂಸನ್ನು ಚಾಚಿದಾಗಲೆಲ್ಲ, "ಮೈಯೆಲ್ಲ ಸಕ್ಕರೆ ಧೂಳು ಕಣಮ್ಮ, ಆಮೇಲೆ" ಎಂದಳು. ಸ್ನಾನವಾದ ಮೇಲೆ, "ಕೈ ತಣ್ಣಗಿದೆ." ಕೈ ಬೆಚ್ಚಗಾದ ಮೇಲೆ, "ಮಲಗಿದೆಯಲ್ಲ, ಎಬ್ಬಿಸೋದು ಬೇಡ."

ಒಂದು ದಿನ ಸೊಸೆ ಕೇಳಿಯೇ ಬಿಟ್ಟಳು. "ಹೆಣ್ಣಾಯ್ತು ಅಂತ ಅಲ್ವಾ ಅತ್ತೆ?"

"ಛೆ! ಅದಲ್ಲಮ್ಮ."

"ಮತ್ತೆ ಏನು ಹೇಳಿ. ಕಾರ್ಖಾನೇಲಿ ಸಕ್ಕರೆ ಮುರಿದ ಸದ್ದು ಕೇಳುತ್ತೆ ನಿಮಗೆ, ಕೂಸು ಅಳೋದು ಕೇಳಲ್ವಾ?"

ಸಪ್ಪೆಕ್ಕ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಉತ್ತರ ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಕೂಸಿಗೆ ಬಾಳೆಹಣ್ಣು ಕಿವುಚಿ ತಿನ್ನಿಸತೊಡಗಿದ ವಾರವೇ ಅದು ಕಕ್ಕಿತು. ಗಂಜಿಗೆ ಸಕ್ಕರೆ ಹಾಕಿ ಕೊಟ್ಟರು, ಕಕ್ಕಿತು. ವಾಂತಿ ನಿಲ್ಲಲೆಂದು ಬೀದಿಯ ಅಂಗಡಿಯಿಂದ ಔಷಧಿ ತಂದರು. ಅದೂ ಸಿಹಿ ಪಾನಕದಂಥದ್ದು. ಕೂಸು ಬೆವರುತ್ತಿತ್ತು, ಎತ್ತಿಕೊಂಡರೆ ಒದ್ದೆ ಬಟ್ಟೆಯಂತೆ ಜೋತು ಬೀಳುತ್ತಿತ್ತು. ಒಂದು ಸಂಜೆ ಸಪ್ಪೆಕ್ಕ ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗ ಮೇಲಿನಿಂದ ಸದ್ದು ಬಂತು. ಕಿಣಿ, ಕಿಣಿ, ಕಿಣಿ. ಎಂದಿನಂತೆ ತಲೆ ಕೊಡವಿಕೊಂಡಳು. ಸದ್ದು ಹೋಗಲಿಲ್ಲ. ಬಾಗಿಲು ತೆರೆದರೆ ಅಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸಕ್ಕರೆ ನೀರು ಕದಡುತ್ತಿದ್ದಳು. ಕೂಸು ಬಾಯಿ ಬಿಗಿದುಕೊಂಡಿತ್ತು. ಎರಡು ಸಣ್ಣ ತುಟಿ, ಒಳಕ್ಕೆ ಎಳೆದುಕೊಂಡಿದ್ದವು.

ಬಾಗಿಲ ಚೌಕಟ್ಟು ಹಿಡಿದು ನಿಂತವಳಿಗೆ ಒಂದು ಕ್ಷಣ ತಾನು ಯಾವ ವಯಸ್ಸಿನವಳೆಂದು ತಿಳಿಯಲಿಲ್ಲ.

"ವ್ಯಾನ್ ತೆಗಿ," ಎಂದಳು ಮಗನಿಗೆ. "ಈಗಲೇ."

ಮಕ್ಕಳ ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಬಾಯಿಗೆ ಏನೂ ಹಾಕಬೇಡಿ, ತಾಯಿಯ ಹಾಲೊಂದೇ ಸಾಕು ಎಂದು ಕೈಗೆ ಸೂಜಿ ಹಾಕಿ ಮಲಗಿಸಿಕೊಂಡಳು. ಎರಡೇ ದಿನದಲ್ಲಿ ಕೂಸು ಕಾಲು ಬಡಿದು ಆಡತೊಡಗಿತು. ಏನು ತಿಂದಾಗ ಹೀಗಾಗುತ್ತದೆ, ಯಾವಾಗಿನಿಂದ ಎಂದು ಸೊಸೆಯನ್ನು ಕೆದಕಿ ಕೆದಕಿ ಕೇಳಿದಳು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು.

"ನಿಮ್ಮ ಮನೇಲಿ ಸಿಹಿ ಕಂಡ್ರೆ ಆಗದವರು ಯಾರಾದ್ರೂ ಇದ್ದಾರಾ?"

ಸೊಸೆ ತಿರುಗಿ ಅತ್ತೆಯನ್ನು ನೋಡಿದಳು. ಮಗನೂ ನೋಡಿದ. ಗೋಡೆಗೆ ಒರಗಿ ನಿಂತಿದ್ದ ಸಪ್ಪೆಕ್ಕನಿಗೆ ಆ ಪಕ್ಕದ ಮನೆಯ ಮುದುಕಿಯ ಕಣ್ಣು ಮತ್ತೆ ತನ್ನ ಮೇಲೆ ಬಿದ್ದಂತಾಯಿತು.

"ಬಾಯಿ ತೆಗೀರಿ ಅಮ್ಮ," ಎಂದಳು ಡಾಕ್ಟರು. ಬಟ್ಟೆ ಸರಿಸಿ ಬಾಯಿ ತೆರೆದಳು. ಡಾಕ್ಟರು ಟಾರ್ಚು ಹಾಕಿ ಒಳಗೆ ಬಹಳ ಹೊತ್ತು ನೋಡಿ, "ಸಕ್ಕರೆ ಮುಟ್ಟದ ಹಲ್ಲು. ಇಂಥದ್ದು ನನಗೂ ಇರಬೇಕಿತ್ತು" ಎಂದು ನಕ್ಕಳು.

"ಇದು... ಹತ್ತೋ ಕಾಯಿಲೆನಾ ಡಾಕ್ಟ್ರಮ್ಮ?" ಸಪ್ಪೆಕ್ಕ ಬಟ್ಟೆಯನ್ನು ಮತ್ತೆ ಮೂಗಿನ ಮೇಲೆ ಎಳೆದುಕೊಂಡಳು. "ನಾನು ಕೂಸನ್ನ ಎತ್ತಿಕೊಂಡೇ ಇಲ್ಲ. ಒಂದು ದಿನಾನೂ ಇಲ್ಲ."

ಸೊಸೆ ಚಕ್ಕನೆ ತಲೆಯೆತ್ತಿದಳು.

"ಹತ್ತೋದಲ್ಲ ಅಮ್ಮ. ಹುಟ್ಟಿನಿಂದ ಬರೋದು." ಡಾಕ್ಟರು ಸ್ಟೂಲು ಎಳೆದು ಅವಳನ್ನು ಕೂರಿಸಿದಳು. "ಹಣ್ಣಲ್ಲಿ, ಜೇನಲ್ಲಿ, ಸಕ್ಕರೇಲಿ ಒಂದು ಥರದ ಸಿಹಿ ಇದೆ. ಅದನ್ನ ಒಡೆಯೋಕೆ ಲಿವರಲ್ಲಿ ಒಬ್ಬ ಕೆಲಸಗಾರ ಇರ್ತಾನೆ ಅಂದ್ಕೊಳ್ಳಿ. ಅವನನ್ನ ತಯಾರು ಮಾಡೋ ಅಚ್ಚು ನಮಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ. ಒಂದು ಕೆಟ್ಟಿದ್ರೆ ಇನ್ನೊಂದು ನಡೆಸಿಕೊಂಡು ಹೋಗುತ್ತೆ. ನಿಮ್ಮ ಮಗನ ಥರ. ಎರಡೂ ಕೆಟ್ಟಿದ್ರೆ ಕೆಲಸಗಾರ ಇಲ್ಲ. ನಿಮ್ಮ ಥರ, ಈ ಕೂಸಿನ ಥರ. ಆಗ ಸಿಹಿ ಅರ್ಧಂಬರ್ಧ ಒಡೆದು ಅಲ್ಲೇ ಸಿಕ್ಕಿಕೊಂಡು ಲಿವರನ್ನೇ ಹಾಳು ಮಾಡುತ್ತೆ."

"ಅಂದ್ರೆ ನನ್ನಿಂದಾನೇ ಬಂತು."

"ಅರ್ಧ ನಿಮ್ಮ ಕಡೆಯಿಂದ, ಅರ್ಧ ಸೊಸೆ ಕಡೆಯಿಂದ. ಅದೇನು ತಪ್ಪಾ? ಮೂಗು ಬಂದಂಗೆ ಇದೂ ಬಂತು. ಅಚ್ಚು ಕೆಟ್ಟಿದ್ದ ಮಾತ್ರಕ್ಕೆ ಏನೂ ಆಗಲ್ಲ. ಸಕ್ಕರೆ ಇದ್ದ ಮಾತ್ರಕ್ಕೂ ಏನೂ ಆಗಲ್ಲ. ಎರಡೂ ಒಂದನ್ನೊಂದು ಭೇಟಿ ಆದಾಗಲೇ ಕೇಡು. ಭೇಟಿ ಮಾಡಿಸಬೇಡಿ, ಅಷ್ಟೇ. ರಕ್ತ ಪರೀಕ್ಷೆಗೆ ಕಳಿಸ್ತೀನಿ, ಆದ್ರೆ ಅದು ಬರೋವರೆಗೂ ಕಾಯಬೇಡಿ. ಹಣ್ಣು, ಸಕ್ಕರೆ, ಜೇನು, ಸಿಹಿ ಔಷಧಿ, ಒಂದು ಹನಿಯೂ ಬೇಡ. ಇವಳೂ ನಿಮ್ಮ ಹಾಗೇ ಹಲ್ಲು ಗಟ್ಟಿ ಇಟ್ಕೊಂಡು ಅಜ್ಜಿ ಆಗ್ತಾಳೆ." ಪೆನ್ನು ಎತ್ತಿಕೊಳ್ಳುತ್ತ ಸೇರಿಸಿದಳು. "ಈ ವಯಸ್ಸಲ್ಲಿ ಗೊತ್ತಾಗದೆ ಕೊಡ್ತಾ ಹೋದ್ರೆ ಉಳಿಯಲ್ಲ ಅಮ್ಮ. ನೀವು ಹೇಗೆ ಉಳಿದ್ರಿ ಅನ್ನೋದೇ ಆಶ್ಚರ್ಯ. ಚಿಕ್ಕವರಿದ್ದಾಗ ನಿಮಗೆ ಯಾರೂ ಬಲವಂತ ಮಾಡಲಿಲ್ವಾ?"

ಒಂದು ಸಲ ಯಾರದೋ ಮನೆಯಲ್ಲಿ ತಿನ್ನಿಸಿದ್ದರು, ಆಮೇಲೆ ಯಾರೂ ಯಾಕೆ ಬಲವಂತ ಮಾಡಲಿಲ್ಲವೋ ಸಪ್ಪೆಕ್ಕನಿಗೆ ಗೊತ್ತಿರಲಿಲ್ಲ. ವ್ಯಾನಿನಲ್ಲಿ ಮನೆಗೆ ಮರಳುವಾಗ ಅವಳ ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು. ಗೋಡೆಯ ಆಚೆ ಮಲಗಿದ್ದವನಿಗೆ ರೋಗ ಹತ್ತಿಸಿದ್ದು ತಾನಲ್ಲ. ಹಾಗಾದರೆ ಅವನನ್ನು ಕೊಂದದ್ದು ಆ ಲೋಟ. ಅದನ್ನು ಕದಡಿದ ಕೈ ಮನೆಯಲ್ಲಿ ಕಾಯುತ್ತಿದೆ, ಇಂದು ಸಂಜೆಯೂ ಅದನ್ನೇ ಕದಡಿ ಕಿಟಕಿಯಲ್ಲಿ ಇಡುತ್ತದೆ.

ಹೇಳಬೇಕೇ? ಸೊಸೆ ಹೇಳೋಣ ಎಂದಳು. ಮಗ, "ಈ ವಯಸ್ಸಲ್ಲಿ ಅಜ್ಜಿಗೆ ಇದನ್ನ ಹೇಳಿದ್ರೆ ತಡ್ಕೊಳ್ತಾಳಾ? ಬಿಡಮ್ಮ" ಎಂದ. ಕೊನೆಗೆ ಅವರು ಅಮ್ಮನಿಗೆ ಹೇಳಿದ್ದು ಇಷ್ಟೇ: ಕೂಸಿಗೆ ಸಿಹಿ ಕೊಡಬಾರದಂತೆ.

"ಯಾಕಂತೆ?"

"ಡಾಕ್ಟ್ರು ಹೇಳಿದ್ದಾರೆ."

"ಡಾಕ್ಟ್ರಿಗೇನು, ನಾಳೆ ಗಾಳೀನೂ ಕುಡೀಬೇಡ ಅಂತಾರೆ. ಸೋತ ಮಗೂಗೆ ಒಂದು ಚಮಚ ಸಕ್ಕರೆ ನೀರು ಕೊಡದೆ ಇರೋದಾ? ನಾನೇನು ಮಕ್ಕಳನ್ನ ಹೆತ್ತವಳಲ್ವಾ?"

ಸಪ್ಪೆಕ್ಕ ಸಕ್ಕರೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅಮ್ಮ ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ಕೇಳಿ ತಂದಳು. ಕಿಟಕಿಯಲ್ಲಿ ಲೋಟ ತಪ್ಪಲಿಲ್ಲ. ಅದನ್ನು ತಪ್ಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅದು ತಮ್ಮನದಲ್ಲವೇ, ಕೂಸಿನದಲ್ಲವಲ್ಲ ಎಂದು ಸಪ್ಪೆಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೆಳಿಗ್ಗೆ ತೊಳೆಯುವಾಗ ಮಾತ್ರ ಇರುವೆಗಳ ನಡುವೆ ಎರಡು ಮುಚ್ಚಿದ ತುಟಿ ಕಂಡಂತಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಅವಳ ಕಿವಿಯೂ ತಪ್ಪಿತು. ಪಾಕ ಮುರಿದಳು, ಟಕ್ ಎನ್ನುವ ಜಾಗದಲ್ಲಿ ಕಿಣಿ ಎಂದಿತು. ಇನ್ನೊಂದು ಚೂರು ಮುರಿದಳು, ಮತ್ತೆ ಕಿಣಿ. ಕೈ ಎತ್ತಲೇ ಇಲ್ಲ. ಕಡಾಯಿಯಿಂದ ಸೀದ ವಾಸನೆ ಎದ್ದಿತು.

"ಏನಕ್ಕಾ, ಕಿವಿಗೂ ಸಕ್ಕರೆ ಹತ್ತಿಕೊಂಡಿತಾ?" ಎಂದು ರೇಡಿಯೋ ಓಡಿ ಬಂದಳು. ಅವಳ ಮುಖ ನೋಡಿ ನಗು ನುಂಗಿಕೊಂಡಳು. "ಹೋಗು, ಮನೆಗೆ ಹೋಗು. ಯಜಮಾನರಿಗೆ ನಾನು ಹೇಳ್ತೀನಿ. ನನಗೆ ಹೇಳೋದೇ ಕೆಲಸ ಅಲ್ವಾ."

ಬಿರುಬಿಸಿಲಿನಲ್ಲಿ ಮನೆಗೆ ಬಂದರೆ ಸೊಸೆ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕೋಣೆಯಲ್ಲಿ ಕೂಸು ಚಾಪೆಯ ಮೇಲೆ ಮಲಗಿತ್ತು, ಅಮ್ಮ ಪಕ್ಕದಲ್ಲಿ ಬೀಸಣಿಗೆ ಬೀಸುತ್ತಿದ್ದಳು. ಎಲ್ಲವೂ ಸರಿಯಿತ್ತು. ನೆಲದ ಮೇಲೆ ಮಾತ್ರ ಒಂದು ಸಾಲು ಇರುವೆ. ಕಿಟಕಿಯಿಂದ ಗೋಡೆಗೆ ಇಳಿದು, ಚಾಪೆಯ ಅಂಚು ಹತ್ತಿ, ಕೂಸಿನ ಕತ್ತಿಗೆ ಕಟ್ಟಿದ್ದ ಜೊಲ್ಲುಬಟ್ಟೆಯವರೆಗೂ ಹೋಗಿತ್ತು. ಸಕ್ಕರೆಯ ನಡುವೆ ಬದುಕಿದವಳಿಗೆ ಆ ಸಾಲನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬಗ್ಗಿ ನೋಡಿದಳು. ಕೂಸಿನ ಹಣೆಯಲ್ಲಿ ಬೆವರು ಮಣಿಗಟ್ಟಿತ್ತು. ಕರೆದರೆ ಕಣ್ಣು ಅರ್ಧ ತೆರೆದು ಮುಚ್ಚಿಕೊಂಡಿತು.

ಅವಳ ಕೂಗಿಗೆ ಸೊಸೆ ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಓಡಿ ಬಂದಳು. ಆಸ್ಪತ್ರೆಯಲ್ಲಿ ಮತ್ತೆ ಸೂಜಿ, ಮತ್ತೆ ಕಾಯುವುದು. ಹೊತ್ತು ಇಳಿಯುವ ಹೊತ್ತಿಗೆ ಡಾಕ್ಟರು ಹೊರಗೆ ಬಂದು, "ಬೇಗ ತಂದ್ರಿ. ಇವತ್ತಿಗೆ ಪಾರು" ಎಂದಳು. ಮುಖದಲ್ಲಿ ನಗುವಿರಲಿಲ್ಲ. "ಮನೆಗೆ ಕರ್ಕೊಂಡು ಹೋಗಿ ಮಲಗಿಸಿ. ಎದ್ದು ಹಸಿವು ಅಂತ ಜೋರಾಗಿ ಅತ್ತರೆ ಸರಿಹೋಯ್ತು ಅಂದ್ಕೊಳ್ಳಿ. ಏಳದೆ ಮಂಕಾಗೇ ಇದ್ರೆ ಆ ಕ್ಷಣವೇ ವಾಪಸ್ ಬನ್ನಿ. ಇನ್ನೊಂದು ಸಲ ಹೀಗೆ ಮಾಡಿಕೊಂಡು ಬಂದ್ರೆ ನಾನು ಏನೂ ಮಾತು ಕೊಡೋಕಾಗಲ್ಲ."

ಇನ್ನೊಂದು ಸಲ ಆಗಬಾರದು ಎಂದರೆ ಹೇಳಲೇಬೇಕಿತ್ತು. ಹೇಳಬೇಕಾದವಳು ತಾನೇ ಎಂದು ಸಪ್ಪೆಕ್ಕನಿಗೆ ಗೊತ್ತಿತ್ತು.

ಸೊಸೆ ಕೂಸನ್ನು ಒಳಕೋಣೆಯಲ್ಲಿ ಮಲಗಿಸಿ, ಪಕ್ಕದಲ್ಲೇ ಕುಸಿದು ಕಣ್ಣು ಮುಚ್ಚಿದಳು. ಮಗ ಬಾಗಿಲ ಬಳಿ ವ್ಯಾನಿನ ಕೀಲಿ ಹಿಡಿದು ಕೂತ. ಮುಂದಿನ ಕೋಣೆಯಲ್ಲಿ ಅಮ್ಮ ಕಿಟಕಿಯ ಕೆಳಗೆ ಕೂತಿದ್ದಳು. ಸಂಜೆಯಾಗಿತ್ತು. ಅವಳ ಮಡಿಲಿನಲ್ಲಿ ಪುಟ್ಟ ಲೋಟವಿತ್ತು, ಇನ್ನೂ ಬರಿದು.

"ಅಮ್ಮ, ಕೂಸಿಗೆ ಏನು ಕೊಟ್ಟೆ?"

"ಏನೂ ಇಲ್ಲ."

"ಇರುವೆ ಸುಳ್ಳು ಹೇಳಲ್ಲಮ್ಮ."

ಅಮ್ಮ ಲೋಟವನ್ನು ಒಂದು ಸುತ್ತು ತಿರುಗಿಸಿದಳು. "ಒಂದೇ ಚಮಚ ಕಣೇ. ಅದೂ ನಾನು ಕೊಟ್ಟಿದ್ದಲ್ಲ. ಇವತ್ತು ಅವನ ಲೋಟ ಬೇಗ ಇಟ್ಟೆ, ಅವನ ಪಾಲಿಂದ ತೆಗೆದು ಕೊಟ್ಟೆ. ಇದ್ದಿದ್ರೆ ಈ ಕೂಸಿಗೆ ಅಜ್ಜ ಆಗ್ತಿದ್ದ. ಮೊಮ್ಮಗಳಿಗೆ ಒಂದು ಚಮಚ ಬಿಟ್ಟುಕೊಡಲ್ವಾ ಅವನು? ಅವನ ಕೈಯಿಂದ ಹೋದ್ರೆ ಒಳ್ಳೇದಾಗುತ್ತೆ ಅಂತ..."

ಸಪ್ಪೆಕ್ಕ ಅವಳ ಎದುರಿಗೆ ನೆಲದ ಮೇಲೆ ಕೂತಳು. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಡಾಕ್ಟರು ಹೇಳಿದ್ದನ್ನು ತನಗೆ ತಿಳಿದ ಮಾತಿನಲ್ಲಿ ಹೇಳಿದಳು. ಸಿಹಿಯನ್ನು ಒಡೆಯುವ ಕೆಲಸಗಾರನ ಮಾತು, ಕೆಟ್ಟ ಅಚ್ಚಿನ ಮಾತು, ತನ್ನೊಳಗೂ ಕೂಸಿನೊಳಗೂ ಅದು ಹಾಗೇ ಇರುವ ಮಾತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನಾಳೆ ಇನ್ನೊಂದು ಚಮಚ.

"ತಮ್ಮನಿಗೂ ಹಾಗೇ ಇತ್ತಮ್ಮ."

ಓಣಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅಮ್ಮ ಲೋಟವನ್ನೇ ನೋಡುತ್ತಿದ್ದಳು. "ಅಂದ್ರೆ ನಾನು" ಎಂದಳು.

"ನಿನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ."

"ಅವನಿಗೆ ಗೊತ್ತಿತ್ತು." ಅಮ್ಮನ ದನಿಯಲ್ಲಿ ಅಳುವಿರಲಿಲ್ಲ. ಬೆಲೆ ಹೇಳುವವರ ದನಿಯಂತೆ ಸಮವಾಗಿತ್ತು. "ಬಾಯಿ ಬಿಗಿ ಹಿಡ್ಕೊಂಡಿದ್ದ. ಆಗ ನಾನು ಮೂಗು ಹಿಡಿದೆ. ಮೂಗು ಹಿಡಿದ್ರೆ ಉಸಿರಿಗೆ ಬಾಯಿ ಬಿಡಲೇಬೇಕಲ್ಲ. ಬಿಟ್ಟ. ಕುಡಿಸಿದೆ. ಕೊನೇ ದಿನ ಮೂಗು ಹಿಡಿಯೋದೇ ಬೇಕಾಗಲಿಲ್ಲ, ತಾನೇ ಬಾಯಿ ತೆರೆದ. ನನ್ನ ಮುಖ ನೋಡ್ತಾ ತೆರೆದ. ಹಠ ಬಿಟ್ಟ, ಇನ್ನು ಹುಷಾರಾಗ್ತಾನೆ ಅಂದ್ಕೊಂಡೆ."

ಬಾಗಿಲ ಬಳಿ ಮಗ ಎದ್ದು ಹೊರಗೆ ಹೋದ.

"ಅವನು ಹೋದ ಮೇಲೆ ನಿನ್ನ ಮೂಗು ಹಿಡೀಲಿಲ್ಲ ನಾನು," ಎಂದಳು ಅಮ್ಮ. "ನೀನು ಬೇಡ ಅಂದಿದ್ದನ್ನ ಯಾರೂ ನಿನ್ನ ಬಾಯಿಗೆ ಹಾಕೋಕೆ ಬಿಡಲಿಲ್ಲ. ಜನ ಬೈದ್ರು, ಮುದ್ದು ಮಾಡಿ ಕೆಡಿಸ್ತಾಳೆ ಅಂತ. ಯಾಕೆ ಬಿಡಲಿಲ್ಲ ಅಂತ ನನಗೇ ಗೊತ್ತಿಲ್ಲ. ಈ ಕೈಗೆ ಗೊತ್ತಿತ್ತೇನೋ."

ಡಾಕ್ಟರು ಕೇಳಿದ ಪ್ರಶ್ನೆಯ ಉತ್ತರ ಇಷ್ಟು ದಿನ ಈ ಕಿಟಕಿಯ ಕೆಳಗೇ ಕೂತಿತ್ತು. ಸಪ್ಪೆಕ್ಕ ಅಮ್ಮನ ಕೈ ನೋಡಿದಳು. ತನ್ನನ್ನು ಉಳಿಸಿದ ಕೈ. ತಮ್ಮನ ಮೂಗು ಹಿಡಿದದ್ದೂ ಆ ಕೈಯೇ.

"ಮತ್ತೆ ನನ್ನಿಂದ ಹತ್ತಿತು ಅಂದ್ಲಲ್ಲಮ್ಮ ಆ ಮುದುಕಿ. ನೀನು ಸುಮ್ಮನಿದ್ದೆ. ನನ್ನ ಚಾಪೆ ಹೊರಗೆ ಹಾಕಿದೆ. ಆವತ್ತಿಂದ ಒಂದು ಮಗೂನ ಧೈರ್ಯವಾಗಿ ಮುಟ್ಟಲಿಲ್ಲ ನಾನು. ಹೆತ್ತ ಮಗನ್ನೂ ಮುಟ್ಟಲಿಲ್ಲ. ಕೈಗೆ ಗೊತ್ತಿದ್ರೆ, ಯಾಕೆ ಸುಮ್ಮನಿದ್ದೆ?"

ಅಮ್ಮ ಮೊದಲ ಸಲ ಅವಳ ಮುಖ ನೋಡಿದಳು.

"ಯಾರ ಮೇಲಾದ್ರೂ ಇರಬೇಕಿತ್ತಲ್ಲ ಕಣೇ," ಎಂದಳು. "ನನ್ನ ಮೇಲೆ ಇದ್ದಿದ್ರೆ ನಾನು ಮಾರನೇ ದಿನ ಎದ್ದು ನಿನಗೆ ಅನ್ನ ಮಾಡಿ ಹಾಕ್ತಿದ್ನಾ?"

ಕತ್ತಲು ಓಣಿಯಿಂದ ಮೇಲೇರಿ ಕಿಟಕಿಯ ಕಟ್ಟೆಗೆ ಬಂದಿತ್ತು. ಕಟ್ಟೆಯ ಮೇಲೆ, ಇಷ್ಟು ವರ್ಷ ಲೋಟ ಇಟ್ಟ ಜಾಗದಲ್ಲಿ, ಅಳಿಸದ ಒಂದು ದುಂಡು ಕಲೆ. ಮಧ್ಯಾಹ್ನದ ಇರುವೆಗಳಲ್ಲಿ ಉಳಿದ ಕೆಲವು ಅದನ್ನೇ ಸುತ್ತುತ್ತಿದ್ದವು. ಸಪ್ಪೆಕ್ಕನ ಕಿವಿಯೆಲ್ಲ ಒಳಕೋಣೆಯ ಕಡೆಗಿತ್ತು. ಅಲ್ಲಿಂದ ಏನೂ ಇಲ್ಲ. ಸೊಸೆಯ ದಣಿದ ಉಸಿರು, ಅಷ್ಟೇ. ಇನ್ನೂ ಎದ್ದಿಲ್ಲ. ಇನ್ನೂ ಅತ್ತಿಲ್ಲ.

"ಇನ್ನು ಕೂಸಿಗೆ ಕೊಡಲ್ಲ ತಾನೇ ಅಮ್ಮ?"

"ಕೊಡಲ್ಲ." ಅಮ್ಮ ಲೋಟವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು, ಒಳಗೆ ಏನೋ ಇರುವಂತೆ. "ಆದ್ರೆ ಇವನು? ದಿನಾ ಸಂಜೆ ಬರ್ತಾನಲ್ಲ. ಇಷ್ಟು ವರ್ಷ ನಾನು ಇದನ್ನೇ ಇಟ್ಟೆನಲ್ಲ ಅವನಿಗೆ. ಬಾಯಿ ಬಿಗಿ ಹಿಡ್ಕೊಂಡು ಹೊರಗೇ ನಿಂತಿದ್ನೇನೋ. ಹಸ್ಕೊಂಡೇ ಹೋಗಿರ್ತಾನೆ..."

ಸಪ್ಪೆಕ್ಕ ಅಮ್ಮನ ಭುಜದ ಆಚೆ ಕಿಟಕಿಯ ಕತ್ತಲನ್ನು ನೋಡಲು ಹೆದರಿ ಲೋಟವನ್ನೇ ನೋಡಿದಳು. ಚಮಚ ಯಾರ ಕೈಯಲ್ಲೂ ಇರಲಿಲ್ಲ. ಆದರೂ ಎಲ್ಲೋ ಕಿಣಿ ಎಂದಂತಾಯಿತು, ಮತ್ತೆ ಕಿಣಿ ಎಂದಿತು, ಅದರ ಮೇಲೆಯೇ ಒಳಕೋಣೆಯಿಂದ ಮೊದಲು ಒಂದು ಮುಲುಕು, ಆಮೇಲೆ ಗೋಡೆ ಬಿರಿಯುವಂತೆ ಅಳು ಬಂತು. ಬಾಯಿ ಪೂರಾ ತೆರೆದ, ಸಿಟ್ಟಿನ, ಹಸಿದ ಅಳು.

ಸಪ್ಪೆಕ್ಕ ಎದ್ದಳು.

"ಹೇಳೇ," ಎಂದಳು ಅಮ್ಮ ಹಿಂದಿನಿಂದ. "ಹೇಳಿ ಹೋಗು. ಇವತ್ತು ಅವನಿಗೆ ಏನಿಡಲಿ? ಬರೀ ನೀರು ಇಟ್ರೆ..."

ಅವಳು ತಿರುಗಿ ನೋಡಲಿಲ್ಲ. ಸಕ್ಕರೆ ಧೂಳು ಮೆತ್ತಿದ ಎರಡೂ ಕೈ ಸೆರಗಿಗೆ ಒರೆಸಿಕೊಳ್ಳುತ್ತ, ಅಳುವಿನ ಕಡೆಗೆ ನಡೆದಳು.